ಹೆಗಲ ಮೇಲಿನ ಕೈ

ನಾಳೆಯಿಂದ ನನಗೆ ದೂರದ ಊರಿನ ಬಸ್ಸಿನಲ್ಲಿ ಡ್ಯೂಟಿ. ಈ ದಾರಿಯಲ್ಲಿ ಇವತ್ತೇ ಕೊನೆಯ ಟ್ರಿಪ್. ವಿಮಾನದ ಸ್ಮಾರಕದ ಹತ್ತಿರ ಕೆಲಸ ಮಾಡುವ ಆ ಕಲ್ಲುಕುಟಿಗನಿಗೆ ಮನಸ್ಸಿನಲ್ಲಿರುವುದನ್ನು ಇವತ್ತು ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳಲಾರೆ.

"ಸ್ಟಿಯರಿಂಗ್ ಏನು ಪಾಪ ಮಾಡಿತೇ ಹುಡುಗಿ? ಯಾಕೆ ಹಾಗೆ ಹಿಸುಕ್ತೀಯ?" ಎಂದಳು ಚಿಕ್ಕಮ್ಮ. ನನ್ನ ಅಮ್ಮನ ತಂಗಿ, ನನ್ನ ಬಸ್ಸಿನ ಕಂಡಕ್ಟರ್. ಬಾಯಿಗೆ ಬ್ರೇಕಿಲ್ಲ.

ರಸ್ತೆ ಪಕ್ಕದ ಆ ಸ್ಮಾರಕದಲ್ಲಿ ಒಂದು ಕಲ್ಲಿನ ವಿಮಾನ, ಅದರಲ್ಲಿ ಹಿಂದೆ ಮುಂದೆ ಕೂತ ಇಬ್ಬರು. ಬಹಳ ಹಿಂದೆ ಸಮುದ್ರ ದಾಟಿ ಬಂದು ಇಲ್ಲಿ ಇಳಿದವರಂತೆ. ಹಿಂದಿನವನ ಕೈ ಮುರಿದಿತ್ತು. ಹೊಸ ಕೈ ಕೂರಿಸಲು ಬಂದ ಕಲ್ಲುಕುಟಿಗ ವಾರದ ಕೆಲಸವನ್ನು ಎರಡು ತಿಂಗಳಿಂದ ಎಳೆಯುತ್ತಿದ್ದ. ಬಸ್ಸು ನಿಂತಾಗಲೆಲ್ಲ ಹುಬ್ಬಿನ ಮೇಲಿನ ಕಲ್ಲಿನ ಪುಡಿ ಒರೆಸುತ್ತ ನನ್ನ ಕಿಟಕಿಯನ್ನೇ ನೋಡುತ್ತಿದ್ದ. ನಾನು ನೋಡಿದರೆ ಮಾತ್ರ ವಿಮಾನದ ಕಡೆ ತಿರುಗಿಬಿಡುತ್ತಿದ್ದ.

ಇವತ್ತು ಬಂದು ನೋಡಿದರೆ ಕೈ ಕೂತಿದೆ. ಅವನು ಚೀಲ ಕಟ್ಟುತ್ತಿದ್ದಾನೆ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಇಲ್ಲಿ ಒದ್ದಾಡುತ್ತಿದ್ದರೆ ಇವನು ಆರಾಮವಾಗಿ ಹೊರಟುಬಿಟ್ಟನೇ? ಹ್ಯಾಂಡ್ ಬ್ರೇಕ್ ಎಳೆದು ಇಳಿದೇಬಿಟ್ಟೆ.

"ಎರಡು ತಿಂಗಳಾದ್ರೂ ಆಗದ ಕೆಲಸ ಒಂದೇ ದಿನದಲ್ಲಿ ಆಗೋಯ್ತಾ?"

"ಕೈ ಮೊದಲನೇ ವಾರವೇ ರೆಡಿ ಇತ್ತು. ಗೋಣಿಯಲ್ಲಿ ಸುತ್ತಿಟ್ಟಿದ್ದೆ," ಚೀಲದ ದಾರ ಬಿಗಿಯುತ್ತ ಹೇಳಿದ. "ನಾಳೆಯಿಂದ ನೀವು ಬರಲ್ಲ ಅಂತ ನಿಮ್ಮ ಚಿಕ್ಕಮ್ಮ ನಿನ್ನೆ ಹೇಳಿದ್ರು. ಇನ್ನು ಯಾರಿಗೋಸ್ಕರ ಎಳೀಲಿ?"

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಕಲ್ಲಿನ ಕೈ ತೋರಿಸಿದೆ. "ಅದ್ಯಾಕೆ ಮುಂದಿನವನ ಹೆಗಲ ಮೇಲಿದೆ?"

"ಇಂಜಿನ್ ಸದ್ದಿಗೆ ಮಾತು ಕೇಳಿಸ್ತಿರಲಿಲ್ಲವಂತೆ. ದಾರಿ ಸರಿಯಿದ್ರೆ ಹಿಂದಿನವನು ಹೆಗಲು ತಟ್ಟೋನಂತೆ."

"ಅಷ್ಟು ದೂರ ಬರೀ ತಟ್ಟಿಕೊಂಡೇ ಬಂದ್ರಾ?"

"ನಾವು ಎರಡು ತಿಂಗಳು ಅದನ್ನೂ ಮಾಡಲಿಲ್ಲ."

ಬಸ್ಸಿನೊಳಗೆ ಯಾರೋ ಗೊಣಗಿದರು. ಚಿಕ್ಕಮ್ಮ ವಿಸಿಲ್ ಊದಿದಳು.

"ನನಗೆ ನಿಮ್ಮನ್ನ ಬಿಟ್ಟು ಹೋಗೋಕೆ ಇಷ್ಟ ಇಲ್ಲ," ಎಂದೆ. ಉತ್ತರಕ್ಕೆ ಕಾಯುವ ಧೈರ್ಯವಾಗದೆ ಓಡಿಬಂದು ನನ್ನ ಸೀಟಿನಲ್ಲಿ ಕೂತೆ.

ಗೇರ್ ಹಾಕುವಾಗ ನನ್ನ ಬೆನ್ನಹಿಂದೆ ಉಳಿಗಳ ಚೀಲ ದೊಪ್ಪನೆ ಬಿತ್ತು.

"ಎಲ್ಲಿಗಪ್ಪ ಟಿಕೆಟ್ಟು?" ಚಿಕ್ಕಮ್ಮ ಕೇಳಿದಳು.

ಅವನು ಏನು ಹೇಳಿದನೋ, ಇಂಜಿನ್ ಸದ್ದಿಗೆ ಕೇಳಿಸಲಿಲ್ಲ. ನನ್ನ ಹೆಗಲನ್ನು ಮಾತ್ರ ಮೆಲ್ಲಗೆ ತಟ್ಟಿದ.