ಇಪ್ಪತ್ಮೂರು ಚುಕ್ಕಿಗಳು

ಸೋಮವಾರ ಬೆಳಿಗ್ಗೆ 10.20ಕ್ಕೆ ಸಂಶೋಧನಾಲಯದ ಮುಖ್ಯಸ್ಥರು ಠಾಣೆಗೆ ಬಂದಾಗ ದೂರು ಅವರ ಕೈಯಲ್ಲೇ ಇತ್ತು. ಅಪರಾಧಿಯನ್ನೂ ಅವರೇ ಗೊತ್ತುಮಾಡಿಕೊಂಡು ಬಂದಿದ್ದರು. ಫ್ರೀಜರಿನಲ್ಲಿದ್ದ ಕಿಣ್ವದ ಇಪ್ಪತ್ತನಾಲ್ಕು ನಳಿಕೆಗಳಲ್ಲಿ ಇಪ್ಪತ್ಮೂರು ಕೆಟ್ಟಿವೆ. ನೆಲ ಒರೆಸುವವಳು ಪ್ಲಗ್ ಕಿತ್ತಿದ್ದಾಳೆ, ಅವಳನ್ನು ಒಳಗೆ ಹಾಕಿ ಎಂದರು. ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಏನು ಹಾಳಾದರೂ ಮೊದಲು ಪೊರಕೆ ಹಿಡಿದವರತ್ತ ಬೆರಳು ತೋರಿಸುವ ಜನವನ್ನು ಅವರು ನೌಕರಿಯುದ್ದಕ್ಕೂ ಕಂಡಿದ್ದರು. FIR ದಾಖಲಿಸುವಾಗ ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದೇ ಬರೆಸಿದರು.

11.45ಕ್ಕೆ ಅವರೂ ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ರೈಟರೂ ಪ್ರಯೋಗಶಾಲೆ ತಲುಪಿದರು. ನೆಲ ಒರೆಸುವವಳು ಬಕೆಟ್ಟಿನ ಪಕ್ಕ ಗೋಡೆಗಂಟಿ ನಿಂತಿದ್ದಳು. ಅತ್ತು ಕಣ್ಣು ಊದಿತ್ತು. ಕೆಲಸ ಹೋದರೆ ಮನೆಯಲ್ಲಿ ಮೂರು ಹೊಟ್ಟೆ ಕಾಯುತ್ತವೆ ಎಂದಷ್ಟೇ ಹೇಳಿದಳು.

ಕಿಣ್ವ ಎಂದರೇನು ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಮುಖ್ಯಸ್ಥರು ಇಂಗ್ಲಿಷಿನಲ್ಲಿ ಭಾಷಣ ಶುರುಮಾಡಿದರು. ಬಿಡಿಸಿ ಹೇಳಿದವರು ಅಲ್ಲಿನ ಹಿರಿಯ ತಂತ್ರಜ್ಞೆ, ಎಲ್ಲರ ಬಾಯಲ್ಲೂ 'ಅಕ್ಕ'. ಡಿಎನ್‌ಎ ಅಂದರೆ ಕಪಾಟಿನಲ್ಲಿರುವ ಮೂಲ ಕಡತ. ಈ ಕಿಣ್ವ, ಆರ್‌ಎನ್‌ಎ ಪಾಲಿಮರೇಸ್, ಅದನ್ನು ಅಕ್ಷರ ಬಿಡದೆ ಓದಿ ಆರ್‌ಎನ್‌ಎ ಎಂಬ ನಕಲು ಬರೆಯುತ್ತದೆ. ಆ ಕೆಲಸವನ್ನು ಇಲ್ಲಿ ನಳಿಕೆಯಲ್ಲೇ ಮಾಡಿಸಿ, ಬಂದ ಆರ್‌ಎನ್‌ಎಯನ್ನು ಆಸ್ಪತ್ರೆಗೆ ಕಳಿಸುತ್ತಾರೆ. ಹಸುಗೂಸುಗಳ ರಕ್ತಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ಅದರೊಡನೆ ಹೋಲಿಸಿ ನೋಡುತ್ತಾರೆ.

"ಹಾಗಾದ್ರೆ ನಮ್ಮ ರೈಟರ್ ಇದ್ದ ಹಾಗೆ," ಎಂದರು ಇನ್ಸ್‌ಪೆಕ್ಟರ್. ರೈಟರ್ ಹಲ್ಲು ಕಿರಿದರು. ಅಕ್ಕ ನಗಲಿಲ್ಲ.

ಪಂಚನಾಮೆ ಶುರುವಾಯಿತು. ಫ್ರೀಜರಿಗೆ ತಾಪ ದಾಖಲಿಸುವ ಕಾಗದದ ಚಕ್ರವಿತ್ತು. ಅದರ ಶಾಯಿಗೆರೆ ಹದಿನೈದು ದಿನದಿಂದ ಅಲುಗಿರಲಿಲ್ಲ. ಪ್ಲಗ್ ಕಿತ್ತಿದ್ದರೆ ಗೆರೆ ಏರಬೇಕಿತ್ತು, ಇಪ್ಪತ್ತನಾಲ್ಕೂ ಕೆಡಬೇಕಿತ್ತು. ದೂರು ಕೊಡುವ ಮೊದಲು ಈ ಕಾಗದ ನೋಡಿದ್ದಿರಾ ಎಂದು ಕೇಳಿದರೆ ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು.

ಪೆಟ್ಟಿಗೆ ತೆರೆದರು. ಇಪ್ಪತ್ಮೂರು ನಳಿಕೆಗಳ ಮುಚ್ಚಳದ ಮೇಲೆ ಒಂದೊಂದು ಕಪ್ಪು ಚುಕ್ಕಿ. ಮೂಲೆಯ ಒಂದಕ್ಕೆ ಮಾತ್ರ ಇಲ್ಲ.

"ಈ ಚುಕ್ಕಿ ಏನು?"

ಮುಖ್ಯಸ್ಥರಿಗೆ ಗೊತ್ತಿರಲಿಲ್ಲ. ತಮ್ಮದೇ ಪ್ರಯೋಗಶಾಲೆಯಲ್ಲಿ ಅದನ್ನು ಇವತ್ತೇ ಮೊದಲು ಕಂಡವರಂತೆ ಬಗ್ಗಿ ನೋಡಿದರು. ಉತ್ತರ ಬಂದದ್ದು ಬಕೆಟ್ಟಿನ ಕಡೆಯಿಂದ.

"ಅದು ಅಕ್ಕ ಇಡೋದು ಸಾರ್. ಒಂದ್ಸಲ ಹೊರಗೆ ತೆಗೆದ್ರೆ ಒಂದು ಚುಕ್ಕಿ. ಎಷ್ಟು ಸಲ ಹೇಳಿಕೊಟ್ರೂ ಬೇರೆ ಯಾರೂ ಇಡಲ್ಲ."

ಹೊಗಳಿದೆನೆಂದೇ ಅವಳು ತಿಳಿದಿದ್ದಳು. ಎಲ್ಲರೂ ಅಕ್ಕನತ್ತ ತಿರುಗಿದಾಗ ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು.

ಇನ್ಸ್‌ಪೆಕ್ಟರ್ ಅಕ್ಕನನ್ನು ಪಕ್ಕದ ಕೋಣೆಗೆ ಕರೆದರು. ಪೆಟ್ಟಿಗೆ ಹೊಸದು, ಕೆಲಸಕ್ಕೆಂದು ಅದರ ನಳಿಕೆಗಳನ್ನು ಇನ್ನೂ ಯಾರೂ ಹೊರಗೆ ತೆಗೆದಿರಲಿಲ್ಲ, ಆ ಚುಕ್ಕಿಗಳು ಕೆಡಿಸಿದಾಗ ಬಿದ್ದವೇ ಎಂದು ಅಕ್ಕ ತಾವೇ ಒಪ್ಪಿಕೊಂಡರು. ಹೇಗೆ ಕೆಡಿಸಿದಿರಿ ಎಂದರೆ, ಎಪ್ಪತ್ತು ಡಿಗ್ರಿಯಲ್ಲಿ ಹತ್ತು ನಿಮಿಷ, ಸಾಕು ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೆಡಿಸಲೆಂದು ತೆಗೆದಾಗಲೂ ಅಭ್ಯಾಸಬಲದಿಂದ ಕೈ ತನ್ನ ಪಾಡಿಗೆ ಚುಕ್ಕಿ ಇಟ್ಟಿತ್ತು.

"ಯಾಕೆ?"

ಅಕ್ಕ ಮೇಜಿನ ಮೇಲಿದ್ದ ವಿಜ್ಞಾನ ಪತ್ರಿಕೆಯಲ್ಲಿ ಒಂದು ಲೇಖನ ತೆರೆದು ಅವರತ್ತ ತಳ್ಳಿದರು. ಕಡಿಮೆ ಖರ್ಚಿನಲ್ಲಿ ಈ ಕಿಣ್ವ ತಯಾರಿಸುವ ಹೊಸ ವಿಧಾನ. ಮುಖ್ಯಸ್ಥರ ಹೆಸರು, ಅವರ ಅಳಿಯನ ಹೆಸರು. ಕೊನೆಗೆ ಸಣ್ಣಕ್ಷರದಲ್ಲಿ 'ಸಿಬ್ಬಂದಿಗೆ ಧನ್ಯವಾದ'.

"ಹನ್ನೊಂದು ವರ್ಷ ಮಾಡಿದ್ದು ನಾನು. ಅವ್ರು ಒಂದು ದಿನ ಕೈಗವಸು ಹಾಕಿಲ್ಲ. ಅವ್ರೇ ಮಾಡಿದ್ದು ಅಂತ ಅಚ್ಚಾಯ್ತಲ್ಲ, ಇನ್ನೊಂದು ಸಲ ಮಾಡ್ಲಿ, ನೋಡೋಣ ಅನ್ನಿಸ್ತು."

"ಆಸ್ಪತ್ರೆಲಿ ಕೂಸುಗಳು?"

"ಅದಕ್ಕೇ ಒಂದು ಬಿಟ್ಟಿದ್ದೀನಿ. ಅದ್ರಲ್ಲಿ ಎರಡು ವಾರ ನಡೆಯುತ್ತೆ. ಅಷ್ಟರೊಳಗೆ ಹೊಸದು ಮಾಡ್ಬಹುದು, ಮಾಡೋಕೆ ಬಂದ್ರೆ."

"ಹೊರಗೆ ನಿಂತಿರೋಳು? ಅವಳನ್ನ ಲಾಕಪ್ಪಿಗೆ ತಳ್ಳಿದ್ರೆ?" ಇನ್ಸ್‌ಪೆಕ್ಟರ್ ದನಿ ಗಡುಸಾಗಿತ್ತು. ಈಗ ಅವರಿಗೆ ಈಕೆಯ ಮೇಲೂ ಸಿಟ್ಟು ಬಂದಿತ್ತು.

ಅಕ್ಕ ಮೊದಲ ಬಾರಿ ತಲೆ ತಗ್ಗಿಸಿದರು. "ಅವ್ಳ ಮೇಲೆ ಹಾಕ್ತಾರೆ ಅಂತ ಹೊಳೀಲಿಲ್ಲ. ಹೊಳೀಬೇಕಿತ್ತು. ಹೇಳಿಕೆ ಬರ್ಕೊಳ್ಳಿ."

ಮಧ್ಯಾಹ್ನ 3.10ಕ್ಕೆ ಬಂಧನವಾಯಿತು. ಜೀಪು ಹತ್ತುವ ಮುನ್ನ ಅಕ್ಕ ನೆಲ ಒರೆಸುವವಳ ಕೈ ಹಿಡಿದು ಏನೋ ಹೇಳಿದರು. ಅವಳು ಮತ್ತೆ ಅಳತೊಡಗಿದಳು. ಬಡವರ ಸಿಟ್ಟು ದವಡೆಗೆ ಮೂಲ ಎಂದು ರೈಟರ್ ಗೊಣಗಿದರು.

ಐದೂವರೆಗೆ ಮುಖ್ಯಸ್ಥರ ಫೋನು ಬಂತು. ಹೊಸ ಕಿಣ್ವ ಮಾಡುವಾಗ ಯಾವುದನ್ನು ಎಷ್ಟು ಹೊತ್ತು ಇಡಬೇಕೆಂದು ತಿಳಿಯುತ್ತಿಲ್ಲ, ಆರೋಪಿಯನ್ನು ಒಂದು ಮಾತು ಕೇಳಬಹುದೇ ಎಂದರು.

"ನಿಮ್ಮ ಹೆಸರಲ್ಲೇ ಅಚ್ಚಾಗಿದೆಯಲ್ಲ ಸರ್, ತೆಗೆದು ಓದ್ಕೊಳ್ಳಿ," ಎಂದು ಇನ್ಸ್‌ಪೆಕ್ಟರ್ ಫೋನು ಕುಕ್ಕಿದರು.

ನಳಿಕೆ ಕೆಡಿಸಿದ್ದಕ್ಕೆ ಕಲಂ ಇತ್ತು. ಹನ್ನೊಂದು ವರ್ಷದ ದುಡಿಮೆ ಕದ್ದಿದ್ದಕ್ಕೆ ಯಾವ ಕಲಮೂ ಇನ್ಸ್‌ಪೆಕ್ಟರಿಗೆ ಸಿಗಲಿಲ್ಲ. ರೈಟರ್ ತಾವು ಬರೆದ ತನಿಖಾ ವರದಿ ತಂದು ಸಹಿಗೆ ಇಟ್ಟರು: ಒಂದಕ್ಷರ ತಿದ್ದದ ಆರು ಪುಟ, ಕೊನೆಗೆ ಇನ್ಸ್‌ಪೆಕ್ಟರ್ ಹೆಸರೊಂದೇ. ಪೆನ್ನು ತೆರೆದವರು ಅಲ್ಲೇ ಕೈ ತಡೆದರು.

"ಇದ್ರಲ್ಲಿ ನಿಮ್ಮ ಹೆಸರೆಲ್ಲಿದೆ?"

"ನಮ್ದಕ್ಕೆ ಜಾಗ ಇಲ್ಲ ಸರ್."

"ಅಂಚಲ್ಲಿ ಬರೀರಿ," ಎಂದು ಇನ್ಸ್‌ಪೆಕ್ಟರ್ ಪೆನ್ನು ಅವರ ಕೈಗೆ ಕೊಟ್ಟು ಕಾದು ಕೂತರು.