ಏಳು ಮಂದಿ ತುಹಿರಾ

"ನನ್ನ ಹೆಸರನ್ನ ಯಾಕೆ ತೆಗೆದುಹಾಕಿದೀರಿ?"

ಊಟವಾದ ಮೇಲಿನ ಮಂಪರಿನಲ್ಲಿ ಪ್ರೂಫ್ ಹಾಳೆಗಳ ಮೇಲೆ ತೂಕಡಿಸುತ್ತಿದ್ದವನು ಬೆಚ್ಚಿ ತಲೆಯೆತ್ತಿದ. ಮೇಜಿನಾಚೆ ಒಬ್ಬಳು ನಿಂತಿದ್ದಳು. ಒಂದು ಕೈಯಲ್ಲಿ ಅವನು ಕೆಲಸ ಮಾಡುವ ಪ್ರಕಾಶನದ ಮಕ್ಕಳ ಹೆಸರುಗಳ ಪುಸ್ತಕದ ಹೊಸ ಆವೃತ್ತಿ, ಇನ್ನೊಂದರಲ್ಲಿ ಅದೇ ಪುಸ್ತಕದ ಮೂವತ್ತು ವರ್ಷ ಹಿಂದಿನ ಪ್ರತಿ, ಬೆನ್ನಿಗೆ ಟೇಪ್ ಸುತ್ತಿಸಿಕೊಂಡದ್ದು. ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ಸಿಟ್ಟಿನಿಂದ ಮೂಗಿನ ತುದಿ ಕೆಂಪಾಗಿತ್ತು, ಅದು ಅವಳಿಗೆ ಚೆನ್ನಾಗಿ ಒಪ್ಪುತ್ತಿತ್ತು ಬೇರೆ.

"ಕೂತ್ಕೊಳ್ಳಿ. ಯಾವ ಹೆಸರು?"

ಕೂರಲಿಲ್ಲ. ಹಳೆಯ ಪುಸ್ತಕ ಬಿಡಿಸಿ ಅವನ ಮುಂದೆ ತಿರುಗಿಸಿದಳು. 'ತುಹಿರಾ: ಬಹಳ ಕಾದ ಮೇಲೆ ಬಂದವಳು. ಮರೆತುಹೋದ ಒಂದು ಕಡಲ ಸೀಮೆಯ ಮಾತಿನಿಂದ. ಬಲು ಅಪರೂಪ.' ಅದರ ಕೆಳಗೆ ಪೆನ್ಸಿಲ್ಲಿನ ಗೆರೆ.

"ಗೆರೆ ಎಳೆದಿದ್ದು ನಮ್ಮಮ್ಮ. ಮದುವೆಯಾಗಿ ಹನ್ನೊಂದು ವರ್ಷ ಆದ್ಮೇಲೆ ನಾನು ಹುಟ್ಟಿದ್ದು. ನಂಗೆ ನಾಲ್ಕು ತುಂಬೋ ಹೊತ್ತಿಗೆ ಹೋಗ್ಬಿಟ್ಲು. ಫೋಟೋ ಬಿಟ್ರೆ ಅವಳ ಮುಖಾನೂ ನೆನಪಿಲ್ಲ. ನಂಗೆ ಅಂತ ಅವಳು ಬಿಟ್ಟುಹೋಗಿರೋದು ಇದೊಂದು ಸಾಲು. ಅದನ್ನೂ ನೀವು ಎತ್ತಿಬಿಟ್ರೆ ಹೆಂಗೆ?"

ಆ ಪ್ರಕಾಶನದಲ್ಲಿ ಹೆಸರುಗಳ ಪುಸ್ತಕ ನೋಡಿಕೊಳ್ಳುವುದು ಅವನ ಕೆಲಸ. ಪ್ರತಿ ಹೆಸರಿನ ಮೂಲ, ಅರ್ಥ, ಎಷ್ಟು ಜನ ಇಡುತ್ತಾರೆ ಎಂಬ ಲೆಕ್ಕ, ಮೂರನ್ನೂ ತಿದ್ದಿ ತೀಡಿ ಅಚ್ಚಿಗೆ ಕೊಡುವವನು. ಕಚೇರಿಯಲ್ಲಿ ಎಲ್ಲರೂ ಅವನನ್ನು ನಾಮಾವಳಿ ಎಂದೇ ಕರೆಯುತ್ತಿದ್ದರು. ಆದರೆ ಈ ಹೆಸರನ್ನು ಅವನು ಕಂಡೇ ಇರಲಿಲ್ಲ. "ಎರಡು ನಿಮಿಷ" ಎಂದು ಹೇಳಿ ಯಜಮಾನರ ಕೋಣೆಗೆ ಹೋದ.

ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು.

"ಅದು ಹೆಸರೇ ಅಲ್ಲ ಕಣಯ್ಯ, ಬಲೆ. ನಾವು ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ ಪುಸ್ತಕಾನ ಪಕ್ಕದೋರು ಹದಿನೈದು ದಿನಕ್ಕೆ ಕದ್ದು ಅಚ್ಚು ಹಾಕ್ತಿದ್ರು. ಅದಕ್ಕೇ ಲೋಕದಲ್ಲಿ ಯಾರಿಗೂ ಇಲ್ಲದ ಒಂದು ಹೆಸರನ್ನ ಮಧ್ಯೆ ಸೇರಿಸಿದ್ದೆ. ಅದು ಅವರ ಪುಸ್ತಕದಲ್ಲಿ ಕಾಣಿಸ್ತು ಅಂದ್ರೆ ಕಳ್ಳ ಸಿಕ್ಕಿಬಿದ್ದ ಅಂತ. ಗಡ್ಡ ಹೆರೀತಾ ಹುಟ್ಟಿಸಿದ ಹೆಸರು ಅದು. ನೀನು ಇಲ್ಲಿಗೆ ಬರೋ ಮುಂಚೇನೇ ಎಲ್ಲರಿಗೂ ಗುಟ್ಟು ಗೊತ್ತಾಯ್ತು, ಕಿತ್ತು ಬಿಸಾಕಿದೆ. ಯಾಕೆ?"

"ಯಾರೋ ಕೇಳಿದ್ರು" ಎಂದ.

ಕೋಣೆಯಿಂದ ಮೇಜಿಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಒಬ್ಬ ಮನುಷ್ಯ ನಿಜ ಹೇಳುವ ಧೈರ್ಯ ಕೂಡಿಸಿಕೊಳ್ಳಬಹುದು. ಇವನೂ ಕೂಡಿಸಿಕೊಂಡೇ ಬಂದ. ಆದರೆ ಅವಳು ಆ ಟೇಪ್ ಸುತ್ತಿದ ಪುಸ್ತಕವನ್ನು ಎದೆಗೆ ಅವಚಿಕೊಂಡು, ಡಾಕ್ಟರು ಹೊರಗೆ ಬರಲಿ ಎಂದು ಕಾಯುವವರಂತೆ ನಿಂತಿದ್ದಳು.

"ಅಚ್ಚಿನಲ್ಲಿ ಬಿಟ್ಟುಹೋಗಿದೆ. ಮುಂದಿನ ಸಲ ಸೇರಿಸ್ತೀವಿ."

ಅವಳ ಹುಬ್ಬಿನ ಗಂಟು ಸಡಿಲಾಯಿತು. ಮೊದಲು ಕಣ್ಣು ನಕ್ಕಿತು, ಆಮೇಲೆ ತುಟಿ. ಆ ನಗು ತಾನು ದುಡಿದು ತಂದದ್ದು ಎಂಬಂತೆ ಅವನಿಗೆ ಹೆಮ್ಮೆಯಾಯಿತು, ಮೂರ್ಖನಿಗೆ.

ಅವಳು ಎರಡು ಬೀದಿ ಆಚೆ ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುತ್ತಿದ್ದಳು. ಅಚ್ಚಿಗೆ ಪ್ಲಾಸ್ಟರ್ ಹುಯ್ಯುವುದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು, ಉಜ್ಜಿ ಹೊಳಪು ಕೊಡುವುದು. ಉಗುರಿನ ಬಿಳಿ ಪುಡಿ ಅದರದು. ಮುಂದಿನ ವಾರ "ಮರೀಬೇಡಿ ಅಂತ ಹೇಳಕ್ಕೆ ಬಂದೆ" ಎಂದು ಬಂದಳು. ಅದರ ಮುಂದಿನ ವಾರ ನೆಪವಿಲ್ಲದೆ ಬಂದಳು. ಕಟ್ಟಡದ ಕೆಳಗಿನ ಟೀ ಅಂಗಡಿಯವನು ಇಬ್ಬರನ್ನೂ ಕಂಡೊಡನೆ ಎರಡು ಲೋಟ ತೊಳೆಯತೊಡಗಿದ.

"ನೀವು ಮಾತಾಡುವಾಗ ನನ್ನ ಬಾಯೇ ನೋಡ್ತೀರಲ್ಲ" ಎಂದ ಒಮ್ಮೆ, ಸ್ವಲ್ಪ ಆಸೆಯಿಂದಲೇ.

"ಹಲ್ಲು ನೋಡ್ತಿದ್ದೆ. ಮೇಲಿನ ಎಡಗಡೆದು ಸೊಟ್ಟ."

"ಸರಿ ಮಾಡಿಕೊಡ್ತೀರಾ?"

"ಬೇಡ ಬಿಡಿ. ಅಷ್ಟು ನೀಟಾಗಿರೋ ಮುಖದಲ್ಲಿ ಅದೊಂದನ್ನ ನಂಬಬಹುದು." ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡುತ್ತ ಉಳಿದ ಟೀಯನ್ನು ನಿಧಾನವಾಗಿ ಕುಡಿದಳು. ಅವನ ಟೀ ಆರಿಹೋಯಿತು.

ಅದೇ ದಿನ ಅವಳು ಕೇಳಿದ್ದು: "ನನ್ನ ಹೆಸರಿನೋರು ಎಷ್ಟು ಜನ ಇರಬಹುದು? ನಿಮ್ಮ ಹತ್ರ ಲೆಕ್ಕ ಇರುತ್ತಲ್ವಾ?"

ರಸ್ತೆಯಲ್ಲಿ ಏಳನೇ ನಂಬರಿನ ಬಸ್ಸು ಹೋಗುತ್ತಿತ್ತು. "ಏಳು" ಎಂದ.

"ಏಳು ಜನಾನಾ? ಅಂದ್ರೆ ನಂಗೆ ಆರು ಜನ ಅಕ್ಕತಂಗೀರು." ಒಂಟಿಯಾಗಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು ಆ ಮಾತನ್ನು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗೆ ಚಪ್ಪರಿಸಿದಳು. "ಯಾರು, ಎಲ್ಲಿದಾರೆ?"

ಒಂದು ಸುಳ್ಳಿಗೆ ಒಂಬತ್ತು ಸುಳ್ಳು ಕಾವಲು. ಒಬ್ಬಳು ಲೈಟ್‌ಹೌಸ್ ಕಾಯುವವರ ಮನೆಯವಳು, ಎಲ್ಲರಿಗಿಂತ ಹಿರಿಯಳು. ಒಬ್ಬಳು ಜಡ್ಜು. ಉಳಿದವರನ್ನು ಅವನು ವಾರಕ್ಕೊಬ್ಬಳಂತೆ ಹೆತ್ತ. ಮೂಲ, ಅರ್ಥ, ಜನಪ್ರಿಯತೆ ಎಂದು ತಲೆಬರಹ ಕೊಟ್ಟು ಒಂದು ಪುಟವನ್ನೇ ಟೈಪ್ ಮಾಡಿ ಕೊಟ್ಟ. ಅವಳು ಅದಕ್ಕೆ ಕಟ್ಟು ಹಾಕಿಸಿ ಲ್ಯಾಬಿನಲ್ಲಿ ತನ್ನ ಮೇಜಿನ ಮೇಲಿನ ಗೋಡೆಗೆ ತೂಗುಹಾಕಿದಳು.

ಹೇಳಬೇಕೆಂದುಕೊಂಡಿರಲಿಲ್ಲ ಎಂದಲ್ಲ. ಬಹುವಚನ ಹೋಗಿ ಏಕವಚನ ಬಂದ ಮೇಲೆ, ಒಂದು ಸಂಜೆ ಅವಳ ಕೈ ಹಿಡಿದು, "ನಿನ್ನ ಹೆಸರಿನ ಬಗ್ಗೆ ಒಂದು ಮಾತು" ಎಂದು ಶುರುಮಾಡಿದ.

"ಎಂಟನೆಯವಳು ಸಿಕ್ಕಿದ್ಲಾ?" ಎಂದಳು. ಅವಳ ಕಣ್ಣು ಆಗ ಹೇಗಿತ್ತೆಂದರೆ, ಅವನು "ಇಲ್ಲ, ಇನ್ನೂ ಏಳೇ" ಎಂದ.

ಆಮೇಲೆ ಆರು ಲಕೋಟೆಗಳನ್ನು ತಂದುಕೊಟ್ಟಳು. "ನಿಮ್ಮ ಆಫೀಸಲ್ಲಿ ವಿಳಾಸ ಇರುತ್ತಲ್ಲ, ಕಳಿಸಿಬಿಡು. ಓದಬೇಡ."

ಓದಿದ. ಐದರಲ್ಲಿ ಬರೀ ಪರಿಚಯ, ಕುಶಲ. ಲೈಟ್‌ಹೌಸಿನವಳಿಗೆ ಬರೆದದ್ದರಲ್ಲಿ ಕೊನೆಗೆ ಹೀಗಿತ್ತು: 'ಅಕ್ಕಾ, ಒಬ್ಬ ಇದ್ದಾನೆ. ನನಗೆ ತುಂಬಾ ಇಷ್ಟ. ಮದುವೆಯಾಗೋಣ ಎಂದಿದ್ದಾನೆ. ಆದರೆ ಏನೋ ಬಚ್ಚಿಡುತ್ತಾನೆ ಅನ್ನಿಸುತ್ತದೆ. ಕೇಳಲು ಅಮ್ಮ ಇಲ್ಲ. ಚಿಕ್ಕಮ್ಮನಿಗೆ ನಾನು ಯಾರನ್ನಾದರೂ ಕಟ್ಟಿಕೊಂಡು ಹೋದರೆ ಸಾಕು. ನೀವು ಹೇಳಿ, ಒಪ್ಪಿಕೊಳ್ಳಲಾ?'

ಅದನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ. ನಾಲ್ಕನೆಯ ದಿನ ಮಧ್ಯಾಹ್ನ, ಕಚೇರಿಯಲ್ಲಿ ಯಾರೂ ಇಲ್ಲದಾಗ, ಎಡಗೈಯಲ್ಲಿ ಉತ್ತರ ಬರೆದ: 'ಒಪ್ಪಿಕೋ ತಂಗಿ. ಸಂಕೋಚದ ಗಂಡಸರು ಹಾಗೇ ಇರುತ್ತಾರೆ. ಅವನು ನಿನ್ನನ್ನು ಪ್ರೀತಿಸುತ್ತಾನೆ.' ಕೊನೆಯ ಸಾಲು ನಿಜವಾಗಿತ್ತು. ಅದೊಂದು ನಿಜದ ಬಲದಿಂದ ಉಳಿದದ್ದೆಲ್ಲ ತೊಳೆದುಹೋಗುತ್ತದೆ ಎಂದುಕೊಂಡ. ಪ್ರೀತಿಸುವವರಿಗೆ ಇಂಥ ದುರಹಂಕಾರ ಇರುತ್ತದೆ.

ಆಫೀಸಿಗೆ ಬಂತೆಂದು ಅವನು ತಂದುಕೊಟ್ಟ ಆ ಉತ್ತರ ಸಿಕ್ಕಿದ ಮೂರನೆಯ ದಿನ ಅವಳು ಮದುವೆಗೆ ಹೂಂ ಎಂದಳು.

ಕರೆಯೋಲೆ ಅವರದೇ ಪ್ರೆಸ್ಸಿನಲ್ಲಿ ಅಚ್ಚಾಗಬೇಕಿತ್ತು. ಪ್ರೂಫ್ ನೋಡಲು ಅವಳೂ ಬಂದಳು. ಇಬ್ಬರೂ ಒಂದೇ ಹಾಳೆಯ ಮೇಲೆ ಬಗ್ಗಿ, ಬೇಕೆಂದೇ ತಲೆಗೆ ತಲೆ ತಾಗಿಸಿಕೊಂಡು ಓದುತ್ತಿದ್ದಾಗ ಯಜಮಾನರು ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದರು. "ಎಲ್ಲಿ, ನಮ್ಮ ನಾಮಾವಳಿಯನ್ನ ಕಟ್ಟಿಹಾಕಿದ ಪುಣ್ಯಾತ್ಗಿತ್ತಿ ಯಾರು ನೋಡೋಣ" ಎಂದು ಹಾಳೆ ಎತ್ತಿಕೊಂಡರು. ವಧುವಿನ ಹೆಸರು ಓದಿದರು. ಇನ್ನೊಮ್ಮೆ ಓದಿದರು.

"ಅಯ್ಯೋ ತಾಯಿ, ಇದು ನಾನು ಹುಟ್ಟಿಸಿದ ಹೆಸರಲ್ಲವೇನಮ್ಮ. ಕಳ್ಳರಿಗೆ ಹಾಕಿದ ಬಲೆಗೆ ನೀನು ಹೆಂಗೆ ಬಿದ್ದೆ?" ಅವರು ಮನಸಾರೆ ನಗುತ್ತಿದ್ದರು, ಪಾಪ. "ಇವನು ಹೇಳಿರಬೇಕಲ್ಲ, ಆವತ್ತೇ ಹೇಳಿದ್ದೆ ಇವನಿಗೆ. ಅದಕ್ಕೆ ಮೂಲಾನೂ ಇಲ್ಲ, ಅರ್ಥಾನೂ ಇಲ್ಲ."

ಅವಳು ಅವರನ್ನೇ ಕೇಳಿದಳು: "ಮತ್ತೆ ಆ ಆರು ಜನ?"

"ಯಾವ ಆರು ಜನ?"

ಆಗ ಅವನ ಕಡೆ ತಿರುಗಿದಳು. ಅವನು ಮೇಜಿನ ಮೇಲಿದ್ದ ಇನ್ನೊಂದು ಪ್ರೂಫಿನಲ್ಲಿ ಇಲ್ಲದ ತಪ್ಪೊಂದನ್ನು ಹುಡುಕುತ್ತಿದ್ದ. "ಲೈಟ್‌ಹೌಸಿನ ಅಕ್ಕ?" ಎಂದಳು, ಇನ್ನೂ ಮೆಲ್ಲಗೆ. ಅವನು ತಲೆ ಎತ್ತಲಿಲ್ಲ. ಅವಳು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದಳು. ಯಜಮಾನರ ನಗು ಅರ್ಧಕ್ಕೆ ನಿಂತಿತು.

ಫೋನ್ ಎತ್ತಲಿಲ್ಲ. ಚಿಕ್ಕಮ್ಮ ಬಾಗಿಲು ತೆರೆಯಲಿಲ್ಲ. ನಾಲ್ಕು ದಿನ ಬಿಟ್ಟು ಅವನು ಲ್ಯಾಬಿಗೇ ಹೋದ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಆ ಪುಟ ಇರಲಿಲ್ಲ, ಮೊಳೆ ಮಾತ್ರ ಇತ್ತು. ಅವಳು ಯಾರದೋ ದವಡೆಗೆ ಮೇಣ ತೀಡುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಿನ್ನ ಮುಖ ಬಾಡೋದನ್ನ ನನ್ನ ಕೈಲಿ ನೋಡಕ್ಕಾಗ್ತಿರಲಿಲ್ಲ" ಎಂದ.

"ನಿನ್ನ ಕಣ್ಣಿಗೆ ನೋವಾಗುತ್ತೆ ಅಂತ ನಂಗೆ ಸುಳ್ಳು."

"ತಪ್ಪಾಯ್ತು."

"ಅಮ್ಮ ಮೋಸಹೋದ್ಲು, ಹೋಗ್ಲಿ. ಅವಳಿಗೆ ಆ ಸಾಲು ಬೇಕಿತ್ತು, ನನ್ನ ನೋಡ್ಕೊಂಡು ಇಟ್ಲು. ನಿಮ್ಮ ಯಜಮಾನ್ರ ಮೇಲೂ ನಂಗೆ ಸಿಟ್ಟಿಲ್ಲ, ಅವ್ರು ಕಳ್ಳರಿಗೆ ಬಲೆ ಹಾಕಿದ್ರು. ನೀನು ಯಾರಿಗೆ ಹಾಕ್ದೆ?"

ಅವಳು ಮೇಣದ ಚಾಕು ಕೆಳಗಿಟ್ಟು, ಮೊದಲ ಸಲ ಅವನ ಕಡೆ ನೋಡಿದಳು.

"ನಾನೂ ಇಲ್ಲದ ಹಲ್ಲು ಮಾಡಿಕೊಡೋಳೇ. ಆದ್ರೆ ಹಾಕ್ಕೊಳ್ಳೋರಿಗೆ ಅದು ಗೊತ್ತಿರುತ್ತೆ. ಮಲಗೋವಾಗ ತೆಗೆದು ನೀರಲ್ಲಿಡ್ತಾರೆ. ನೀನು ಕೊಟ್ಟಿದ್ದನ್ನ ನಾನು ಎಲ್ಲಿ ತೆಗೆದಿಡಲಿ? ಆ ಅಕ್ಕನ ಕಾಗದಾನ ತಲೆದಿಂಬಿನ ಕೆಳಗೆ ಇಟ್ಕೊಂಡು ಅತ್ತಿದೀನಿ. ನಂಗೂ ಹೇಳೋರು ಒಬ್ರು ಸಿಕ್ಕಿದ್ರಲ್ಲ ಅಂತ."

"ನಾನು ಪ್ರೀತಿಸ್ತೀನಿ ಅನ್ನೋದು ಸುಳ್ಳಲ್ಲ."

"ಗೊತ್ತು. ಅದೇ ಸಂಕಟ." ಅವಳು ಬೆರಳಿಗೆ ಅಂಟಿದ್ದ ಮೇಣ ಒರೆಸಿಕೊಂಡಳು. "ಒಪ್ಪಿಕೊಳ್ಳಲಾ ಅಂತ ನಾನು ಅಕ್ಕನ್ನ ಕೇಳಿದ್ದೆ. ನೀನೇ ಹುಡುಗ, ನೀನೇ ಹಿರೀಕ. ನಾನು ಯೋಚನೆ ಮಾಡಕ್ಕೆ ಅಂತ ಇಟ್ಕೊಂಡಿದ್ದ ಜಾಗದಲ್ಲೂ ನೀನೇ ಬಂದು ಕೂತುಬಿಟ್ಟೆ. ಈಗ ನಂಗೆ ನಿಜವಾಗ್ಲೂ ನೀನು ಬೇಕಿತ್ತಾ ಅನ್ನೋದೂ ಗೊತ್ತಾಗ್ತಿಲ್ಲ."

ಪಕ್ಕದ ಮೇಜಿನ ಹೊಳಪು ಕೊಡುವ ಯಂತ್ರ ಗುರ್ರೆಂದು ಶುರುವಾಗಿ ನಿಂತಿತು. ಅವನು ಅವಳ ಹೆಸರು ಹಿಡಿದು ಕರೆದ.

"ಬೇಡ" ಎಂದಳು. "ಬೇರೆ ಯಾರು ಬೇಕಾದ್ರೂ ಕರೀಲಿ. ನಿನ್ನ ಬಾಯಲ್ಲಿ ಅದು ಬೇಡ. ಅದು ನಮ್ಮಮ್ಮಂದು."

"ಮತ್ತೆ ಏನಂತ ಕರೀಲಿ?"

"ಯಾಕೆ ಕರೀಬೇಕು?"

ಅವಳು ಮತ್ತೆ ದವಡೆಯ ಮೇಲೆ ಬಗ್ಗಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಬಂದ.

ವರ್ಷ ಕಳೆಯಿತು. ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅವಳು ಕಾಣಿಸಿದಳು. ಕೂದಲು ಗಿಡ್ಡ ಮಾಡಿಸಿದ್ದಳು. ಅವಳು ನೋಡಲಿಲ್ಲ, ಅಥವಾ ನೋಡದ ಹಾಗಿದ್ದಳು. ಬಸ್ಸು ಬಂದಾಗ ಎದ್ದು ಹೊರಟಳು, ಛತ್ರಿ ಬೆಂಚಿನ ಮೇಲೇ ಉಳಿಯಿತು.

ಅವನು ಅದನ್ನು ಎತ್ತಿಕೊಂಡು ಓಡಿದ. ಕೂಗಬೇಕಿತ್ತು. ಹೆಸರು ನಾಲಗೆಯ ತುದಿಗೇ ಬಂದಿತ್ತು, ನುಂಗಿಕೊಂಡ.

"ಮೇಡಂ, ನಿಮ್ಮ ಛತ್ರಿ" ಎಂದ.

ಸಾಲಿನಲ್ಲಿದ್ದ ಮೂರು ನಾಲ್ಕು ಹೆಂಗಸರು ತಿರುಗಿ ನೋಡಿದರು. ಅವರ ಜೊತೆಗೆ ಅವಳೂ ತಿರುಗಿದಳು. ಛತ್ರಿಯನ್ನು ನೋಡಿದಳು, ಅವನನ್ನು ನೋಡಿದಳು, ಕೈ ಚಾಚಿ ತೆಗೆದುಕೊಂಡಳು. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಇನ್ನೂ ಇತ್ತು.

"ಥ್ಯಾಂಕ್ಸ್ ಸರ್" ಎಂದು ಹೇಳಿ ಬಸ್ಸು ಹತ್ತಿದಳು.