ಬಾಯಿ ಮುಚ್ಚಿದ ಮೇಲೆ ಬಂದ ಮಾತು

"ಇವಳ ಬಾಯಿ ಮುಚ್ಚಿದ ಮೇಲೆ ಮಾತು ಬರ್ತಾ ಉಂಟು! ನಿಮಗೆ ಕಾಣೋದಿಲ್ವಾ?"

ಬಾಸಿತ್ ಬೆಚ್ಚಿಬಿದ್ದು ತಲೆ ಎತ್ತಿದ. ಎರಡು ತಿಂಗಳು ಬೆಂಗ್ರೆಯ ಮನೆಯಿಂದಲೇ ಗೇಮಿನ ಚಿತ್ರ ಮಾಡಿ ಕಳಿಸುತ್ತಿದ್ದವನು ಆ ಸೋಮವಾರ ಮೊದಲ ಸಲ ಆಫೀಸಿಗೆ ಬಂದಿದ್ದ. ಕುರ್ಚಿ ಇನ್ನೂ ಬಿಸಿಯಾಗಿರಲಿಲ್ಲ. ಎದುರಿಗೆ ತಿಳಿನೀಲಿ ಶಾಲಿನ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಯಾರ ಬಾಯಿ?"

"ನಿಮ್ಮ ದೋಣಿಯವಳದ್ದು! ನಾನು ಶಾಝಿಯಾ. ಈ ಗೇಮಿನ ಸೌಂಡ್ ನನ್ನದು. ಮಾತು ಸರಿ ಜಾಗದಲ್ಲೇ ಕೂರಿಸಿದ್ದೇನೆ. ನಿಮ್ಮ ಚಿತ್ರ ಮುಂದೆ ಓಡ್ತಾ ಉಂಟು."

"ನನ್ನ ಹತ್ರ ಸರಿ ಉಂಟಲ್ಲ... ಈ ಸ್ಪೀಕರಿನಲ್ಲಿ ಕೇಳಿ ನೋಡಿ."

"ಈ ಡಬ್ಬಾದಲ್ಲಿ ಎಂತ ಕೇಳ್ತದೆ?"

ಅವಳು ಸ್ಪೀಕರಿನ ವಯರನ್ನು ಕಿತ್ತೇಬಿಟ್ಟಳು. ಕುತ್ತಿಗೆಯಲ್ಲಿದ್ದ ಕಪ್ಪು ವಯರ್‌ಲೆಸ್ ಹೆಡ್‌ಸೆಟ್ಟನ್ನು ಅವನ ಕಂಪ್ಯೂಟರಿಗೆ ಸೇರಿಸಿ ಕಿವಿಗೆ ಏರಿಸಿದಳು. ಪರದೆಯ ಮೇಲೆ ದೋಣಿಯವಳು ಬಾಯಿ ತೆರೆದು ಮುಚ್ಚಿದಳು.

"ನೋಡಿ! ಇಲ್ಲಿಯೂ ತಡ! ಸೆಕೆಂಡಿನ ಐದರಲ್ಲೊಂದು ಭಾಗ ತಡ!"

"ನಾನೊಮ್ಮೆ ಹಾಕಿ ನೋಡ್ತೇನೆ, ಕೊಡಿ."

"ನನ್ನ ಹೆಡ್‌ಸೆಟ್ ನಾನು ಯಾರಿಗೂ ಕೊಡೋದಿಲ್ಲ."

ದಡದಡ ಹೆಜ್ಜೆ ಹಾಕಿ ಹೋಗಿಯೇಬಿಟ್ಟಳು!

ನೀವೇ ಹೇಳಿ, ಪರಿಚಯವಾದ ಮೊದಲ ನಿಮಿಷದಲ್ಲೇ ಹೀಗೆ ಉಗಿದವಳನ್ನು ಯಾರಾದರೂ ಪ್ರೀತಿಸುತ್ತಾರೆಯೇ? ಬಾಸಿತ್ ಅಲ್ಲೇ ಬಿದ್ದುಹೋದ. ಪಾಪದವನು, ಕಿತ್ತ ವಯರನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಅವಳು ಹೋದ ಬಾಗಿಲನ್ನೇ ನೋಡುತ್ತಿದ್ದ.

ಆ ಹೆಡ್‌ಸೆಟ್ಟಿನ ವಿಷಯ ಸ್ವಲ್ಪ ಹೇಳಲೇಬೇಕು. ಕಳೆದ ವಾರ ಶಾಝಿಯಾಳ ಮಾಮ ಜಮಾಲುದ್ದೀನ್ ದುಬೈಯಿಂದ ತೊಕ್ಕೊಟ್ಟಿನ ಮನೆಗೆ ಬಂದಿದ್ದರು. ಪೆಟ್ಟಿಗೆ ಬಿಚ್ಚುವಾಗ ಮನೆಮಂದಿಯೆಲ್ಲ ಸುತ್ತ ಕುಳಿತು, ಕಂಬಳಿಗೂ ಟಾರ್ಚಿಗೂ ಸೋಪಿಗೂ ಒಂದೊಂದಾಗಿ "ಮಾಶಾ ಅಲ್ಲಾಹ್" ಹೇಳುವುದು ರೂಢಿ. ಅವಳ ಪಾಲಿಗೆ ಬಂದದ್ದು ಈ ಹೆಡ್‌ಸೆಟ್. ಆಫೀಸಿನ ಹಳೆಯ ವಯರಿನ ಹೆಡ್‌ಫೋನ್ ಅವತ್ತೇ ಡ್ರಾಯರ್ ಸೇರಿತು. ಮಾಮ ತಂದ ಸಾಮಾನಿನಲ್ಲಿ ತಪ್ಪು ಹುಡುಕುವ ಪದ್ಧತಿ ಆ ಮನೆಯಲ್ಲಿ ಇಲ್ಲವೇ ಇಲ್ಲ.

ಬಲ್ಮಠದಲ್ಲಿ ತಮ್ಮದೇ ಹೋಟೆಲಿನ ಮೂರನೆಯ ಮಾಳಿಗೆಯಲ್ಲಿ ಈ ಗೇಮ್ ಕಂಪೆನಿ ಶುರು ಮಾಡಿದವರು ಚಿತ್ತರಂಜನ ಶೆಟ್ಟರು. ಗೇಮೆಂದರೆ ಅವರಿಗೆ ಅಷ್ಟಕ್ಕಷ್ಟೇ. ಆದರೆ ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಿ ದೋಣಿ ನಡೆಸುವ ಹೆಂಗಸಿನ ಕಥೆ ಕೇಳಿ ಮನಸ್ಸು ಕರಗಿ ದುಡ್ಡು ಹಾಕಿದ್ದರು. ಆ ಸೋಮವಾರ ಮಧ್ಯಾಹ್ನ ಇಬ್ಬರನ್ನೂ ಕರೆದು ಆ ದೃಶ್ಯ ಹಾಕಿಸಿದರು. ಶಾಝಿಯಾ ಹೆಡ್‌ಸೆಟ್ ತೆಗೆಯಲಿಲ್ಲ, ಬಾಸಿತ್ ಸ್ಪೀಕರ್ ಬಿಡಲಿಲ್ಲ. ಒಬ್ಬರಿಗೆ ತಡ, ಇನ್ನೊಬ್ಬರಿಗೆ ಸರಿ. ಯಾರದು ಸರಿಯೆಂದು ತಿಳಿಯದೆ ಶೆಟ್ಟರಿಗೆ ತಲೆ ಚಿಟ್ಟು ಹಿಡಿಯಿತು.

"ದಾದ ಮಾರಾಯ ಇಂದು, ಎಂತ ಇದು? ಸಾಂಬಾರು ಮೊದಲು ಬಂದು ಇಡ್ಲಿ ಆಮೇಲೆ ಬಂದ್ರೆ ಗಿರಾಕಿ ಕೂರ್ತಾನಾ? ಶುಕ್ರವಾರ ಹನ್ನೊಂದು ಗಂಟೆಗೆ ಗೇಮ್ ಕೊಳ್ಳುವ ಪುಣೆಯವರು ನೋಡ್ಲಿಕ್ಕೆ ಬರ್ತಾರೆ. ಬಾಸಿತ್ ಜುಮಾ ನಮಾಜಿಗೆ ಹೋಗುವ ಮೊದಲು ಎಲ್ಲ ಮುಗೀಬೇಕು. ಇದು ಸರಿ ಆಗದಿದ್ರೆ ಸೌಂಡ್ ಕೆಲಸ ಹೊರಗಿನವರಿಗೆ ಕೊಡ್ತೇನೆ. ಶಾಝಿಯಾ, ಬೇಜಾರು ಮಾಡ್ಬೇಡ."

ಬೇಜಾರು ಮಾಡಬೇಡವಂತೆ! ಬ್ಯಾಂಕಿನ ಕೆಲಸ ಬೇಡವೆಂದು ಮನೆಯಲ್ಲಿ ಹಟ ಹಿಡಿದು ಬಂದವಳು ಅವಳು. "ಕೋಣೆಯೊಳಗೆ ಕೂತು ಕೇಳೋದಕ್ಕೆ ಸಂಬಳ ಕೊಡ್ತಾರಾ?" ಎಂದು ಹೆತ್ತ ಉಮ್ಮ ಮುಮ್ತಾಝ್ ಇವತ್ತಿಗೂ ನಗುತ್ತಾರೆ. ಆ ಗೇಮಿನ ಅಲೆ, ಗಾಳಿ, ದೋಣಿಯ ಸದ್ದು ಎಲ್ಲವನ್ನೂ ಅವಳೇ ಬೆಂಗ್ರೆಯ ಫೆರಿಯಲ್ಲಿ ಹತ್ತು ಸಲ ಹೋಗಿ ಬಂದು ಹಿಡಿದು ತಂದಿದ್ದಳು. ಇದು ಹೋದರೆ... ಇದು ಹೋದರೆ ಅವಳಿಗೆ ಬೇರೆ ಯಾವ ಕೆಲಸವೂ ಬೇಡವಾಗಿತ್ತು.

ಮಂಗಳವಾರ ಜಗಳ. ಬುಧವಾರ ಬೆಳಗ್ಗೆ ಮತ್ತೆ ಜಗಳ.

"ನೀವು ಚಿತ್ರವನ್ನು ಸ್ವಲ್ಪ ಹಿಂದೆ ಹಾಕಿದ್ರೆ ಎಂತ ಗಂಟು ಹೋಗ್ತದೆ?"

"ಸರಿ ಇದ್ದದ್ದನ್ನು ನಾನು ಎಂತಕ್ಕೆ ಹಾಳು ಮಾಡ್ಬೇಕು? ನೀವು ಮಾತನ್ನು ಮುಂದೆ ತನ್ನಿ!"

"ನಿಮ್ಮಷ್ಟು ಹಟದವರನ್ನು ನಾನು ನೋಡಿಲ್ಲ!"

"ಮನೆಯಲ್ಲಿ ಕನ್ನಡಿ ಇಲ್ವಾ?"

ಹೀಗೆ ಬೈದುಕೊಂಡೇ ಅವನು ಅವಳಿಗೆ ಚಹಾ ತಂದಿಡುತ್ತಿದ್ದ. ಹೀಗೆ ಬೈದುಕೊಂಡೇ ಅವಳು ಅದರಲ್ಲಿ ಸಕ್ಕರೆ ಕಡಿಮೆ ಎನ್ನುತ್ತಿದ್ದಳು. ಮರುಸಲ ಸಕ್ಕರೆ ಸರಿಯಾಗಿರುತ್ತಿತ್ತು. 'ಛೆ, ಇವನಿಗೆ ಕೋಪವೇ ಬರುವುದಿಲ್ಲವಾ? ಬೈಯಲಿಕ್ಕೂ ಮನಸ್ಸಾಗುವುದಿಲ್ಲ... ನಗುವಾಗ ಕೆನ್ನೆಯಲ್ಲಿ ಗುಳಿ ಬೇರೆ!' ಎಂದು ಒಳಗೊಳಗೇ ಸಿಡುಕಿದಳು. ಕೆನ್ನೆಯ ಗುಳಿಯ ಮೇಲೆ ಸಿಡುಕುವವರನ್ನು ನಾನಂತೂ ಬೇರೆ ಕಂಡಿಲ್ಲ.

ಬುಧವಾರ ಮಧ್ಯಾಹ್ನ ಅವನ ಟಿಫಿನ್ ಡಬ್ಬಿ ಬಿಚ್ಚದೆಯೇ ಮೇಜಿನ ಮೇಲಿತ್ತು. ಮೂರು ದಿನದಿಂದಲೂ ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಕೇಳಬೇಡಿ, ಗೊತ್ತಿತ್ತು.

ಕೋಣೆಗೆ ಹೋಗಿ ಬಾಗಿಲು ಹಾಕಿ, ಮಾತನ್ನೆಲ್ಲ ಸೆಕೆಂಡಿನ ಐದರಲ್ಲೊಂದು ಭಾಗ ಮುಂದೆ ತಂದಳು. ಹೆಡ್‌ಸೆಟ್ಟಿನಲ್ಲಿ ಕೇಳಿದಳು. ಹಾ! ತುಟಿಗೂ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಾರಿಗೂ ಹೇಳದೆ ಉಳಿಸಿ ಮನೆಗೆ ಹೋದಳು.

ಸಂಜೆ ಐದಕ್ಕೆ ಅಲ್ಲಿ ಇನ್ನೊಬ್ಬ ಮಹಾಶಯ ಎಂತ ಮಾಡಿದ ಗೊತ್ತೇ? ಚಿತ್ರವನ್ನೆಲ್ಲ ಅಷ್ಟೇ ಹಿಂದೆ ಹಾಕಿದ! ಅವನ ಕಣ್ಣಿಗೆ ತಪ್ಪು ಕಾಣುತ್ತಿರಲಿಲ್ಲ, ಅದಕ್ಕೇ ಪರೀಕ್ಷಿಸಿಯೂ ನೋಡಲಿಲ್ಲ. ಕಣ್ಣು ಮುಚ್ಚಿ ಅವಳ ಕಿವಿಯನ್ನು ನಂಬಿದ.

ಆ ಆಫೀಸಿನಲ್ಲಿ ಚಿತ್ರ ಬೇರೆ, ಸೌಂಡ್ ಬೇರೆ ಉಳಿಸಿ, ಎರಡನ್ನೂ ಗುರುವಾರ ಬೆಳಗ್ಗೆ ಒಟ್ಟಿಗೆ ಜೋಡಿಸುವುದು ವಾಡಿಕೆ.

ಗುರುವಾರ ದೊಡ್ಡ ಪರದೆ, ದೊಡ್ಡ ಸ್ಪೀಕರುಗಳು. ಶೆಟ್ಟರು ಕಾಲ ಮೇಲೆ ಕಾಲು ಹಾಕಿ ಕುಳಿತರು.

ದೋಣಿಯವಳು ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. "ಹತ್ತು ಮಗಾ, ಗಾಳಿ ಬರ್ತಾ ಉಂಟು" ಎಂಬ ಮಾತು ಕೇಳಿಸತೊಡಗಿತು. ಆಮೇಲೆ ನಿಧಾನವಾಗಿ ಅವಳ ಬಾಯಿ ತೆರೆಯಿತು. ಮಾತೆಲ್ಲ ಮುಗಿದ ಮೇಲೂ ಅವಳು ಗಾಳಿ ಅಗಿಯುತ್ತಿದ್ದಳು. ದೋಣಿ ದಡಕ್ಕೆ ಬಡಿಯುವ ಮೊದಲೇ ಧಡ್ ಎಂದಿತು!

"ಅಯ್ಯೋ ದೇವೆರೆ!" ಎಂದರು ಶೆಟ್ಟರು.

ಶಾಝಿಯಾ ಬಾಸಿತ್‌ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ನೀವು ಚಿತ್ರ ಹಿಂದೆ ಹಾಕಿದ್ದೀರಿ! ನನ್ನ ಸೌಂಡ್ ಹಾಳು ಅಂತ ತೋರಿಸ್ಲಿಕ್ಕೆ! ನನ್ನ ಕೆಲಸ ಹೋಗ್ಲಿ ಅಂತ ಅಲ್ವಾ?"

"ನಾನಾ? ನೀವು ಮಾತು ಮುಂದೆ ತಂದದ್ದು ಎಂತಕ್ಕೆ ಹಾಗಾದ್ರೆ? ನನ್ನ ಚಿತ್ರ ಹಾಳು ಅಂತ ತೋರಿಸ್ಲಿಕ್ಕಾ?"

'ಇಂಥವನ ಹಸಿವಿಗೆ ನಾನು ಮರುಗಿದೆನಲ್ಲ...' ಅವಳಿಗೆ ಅಳು ಉಕ್ಕಿ ಬಂತು.

"ನಿಲ್ಲಿ, ನಿಲ್ಲಿ!" ಶೆಟ್ಟರು ಎದ್ದುನಿಂತರು. "ಹೋಟೆಲಿನಲ್ಲಿ ಅಡುಗೆ ಕೆಟ್ರೆ ನಾನು ಮೊದಲು ನೋಡೋದು ರಿಜಿಸ್ಟರ್. ಇಲ್ಲಿಯೂ ಉಂಟಲ್ಲ, ಯಾರು ಎಂತ ಬದಲಾಯಿಸಿದ್ರೂ ಕಾರಣ ಬರೀಬೇಕು ಅಂತ? ತೆಗಿ ಅದನ್ನು."

ಇಬ್ಬರ ಮುಖವೂ ಒಮ್ಮೆಲೇ ಬಿಳಿಚಿತು. ಕಾರಣ ಬರೆಯದೆ ಆ ಕಂಪ್ಯೂಟರು ಏನನ್ನೂ ಉಳಿಸಿಕೊಳ್ಳುವುದಿಲ್ಲ. ಬರೆದದ್ದನ್ನು ಇದುವರೆಗೆ ಒಬ್ಬರೂ ಓದಿರಲಿಲ್ಲ, ಹಾಗಾಗಿ ಮನಸ್ಸಿಗೆ ಬಂದದ್ದನ್ನು ಗೀಚುವ ಧೈರ್ಯ ಎಲ್ಲರಿಗೂ ಇತ್ತು.

"ಸರ್, ಅದು ಬೇಡ..." ಎಂದ ಬಾಸಿತ್.

"ಸರ್, ನಾನೇ ಹೇಳ್ತೇನೆ..." ಎಂದಳು ಶಾಝಿಯಾ.

ಶೆಟ್ಟರು ಕನ್ನಡಕ ಏರಿಸಿ, ಇಡೀ ಆಫೀಸು ಕೇಳುವ ಹಾಗೆ ಓದತೊಡಗಿದರು.

"ಬುಧವಾರ, ಶಾಝಿಯಾ. ಮಾತು ಮುಂದೆ ತಂದಿದ್ದೇನೆ. ಕಾರಣ: ಬಾಸಿತ್ ಮೂರು ದಿನದಿಂದ ಊಟ ಮಾಡಿಲ್ಲ. ನೋಡ್ಲಿಕ್ಕೆ ಆಗೋದಿಲ್ಲ. ತಪ್ಪು ನನ್ನದೇ ಅಂತ ಇರ್ಲಿ. ಅವರಿಗೆ ಹೇಳ್ಬೇಡಿ."

ಯಾರೋ ಕೆಮ್ಮಿದರು. ಶಾಝಿಯಾ ಶಾಲನ್ನು ಹಣೆಯವರೆಗೆ ಎಳೆದುಕೊಂಡಳು.

"ಬುಧವಾರ, ಬಾಸಿತ್. ಚಿತ್ರ ಹಿಂದೆ ಹಾಕಿದ್ದೇನೆ. ಕಾರಣ: ನನಗೆ ತಪ್ಪು ಕಾಣ್ತಾ ಇಲ್ಲ. ಆದರೆ ಶಾಝಿಯಾ ಹೇಳಿದ್ದಾರೆ. ಅವರ ಕೆಲಸ ಹೋದ್ರೆ ಈ ಆಫೀಸಿಗೆ ನಾನು ಬಂದು ಎಂತ ಮಾಡ್ಲಿಕ್ಕುಂಟು?"

ಶೆಟ್ಟರು ಕನ್ನಡಕ ತೆಗೆದು ಇಬ್ಬರನ್ನೂ ಒಮ್ಮೆ ನೋಡಿದರು.

"ಪೊರ್ಲು ಉಂಡು, ಚಂದ ಉಂಟು," ಎಂದರು. "ಈಗ ಎರಡನ್ನೂ ಸೋಮವಾರ ಇದ್ದ ಹಾಗೆ ಮಾಡಿ."

ಮಾಡಿದರು. ದೊಡ್ಡ ಪರದೆಯ ಮೇಲೆ ದೋಣಿಯವಳು ಬಾಯಿ ತೆರೆದಳು, ಮಾತಾಡಿದಳು, ಮುಚ್ಚಿದಳು. ಎಲ್ಲ ಸರಿಯಾಗಿತ್ತು! ಶಾಝಿಯಾ ತಬ್ಬಿಬ್ಬಾದಳು. ತನ್ನ ಕೋಣೆಗೆ ಓಡಿ ಹೆಡ್‌ಸೆಟ್ಟಿನಲ್ಲಿ ಅದನ್ನೇ ಕೇಳಿದಳು. ತಡ. ಡ್ರಾಯರಿನಿಂದ ಹಳೆಯ ವಯರಿನ ಹೆಡ್‌ಫೋನ್ ತೆಗೆದು ಕೇಳಿದಳು. ಸರಿ.

'ಯಾ ಅಲ್ಲಾಹ್! ಮಾಮನ ಹೆಡ್‌ಸೆಟ್ಟು!'

ಗೇಮಿನಲ್ಲಿ ತಪ್ಪೇ ಇರಲಿಲ್ಲ. ವಯರಿಲ್ಲದೆ ಗಾಳಿಯಲ್ಲಿ ಹಾರಿ ಬರುವ ಸದ್ದು ಕಿವಿ ಮುಟ್ಟುವಾಗ ತಡವಾಗುತ್ತಿತ್ತು. ಇದು ಸೌಂಡಿನವರಿಗೆ ಮೊದಲ ದಿನವೇ ಹೊಳೆಯಬೇಕಾದ ವಿಷಯ. ಅವಳು ಕುರ್ಚಿಯಲ್ಲಿ ಕುಸಿದಳು.

ಬಾಗಿಲಲ್ಲಿ ಬಾಸಿತ್ ನಿಂತಿದ್ದ. ಮೇಜಿನ ಮೇಲಿದ್ದ ಎರಡನ್ನೂ ನೋಡಿ ಅವನಿಗೆ ಅರ್ಥವಾಗಿತ್ತು.

"ಶೆಟ್ರಿಗೆ ಹೇಳ್ಬೇಡಿ," ಎಂದ ಮೆಲ್ಲಗೆ. "ಚಿತ್ರದಲ್ಲೇ ತಪ್ಪಿತ್ತು, ನಾನು ಸರಿ ಮಾಡಿದೆ ಅಂತ ಹೇಳ್ತೇನೆ. ನನ್ನನ್ನು ಎರಡು ಬೈದು ಬಿಡ್ತಾರೆ. ನಿಮ್ಮನ್ನಾದ್ರೆ ಕಳಿಸ್ತಾರೆ."

ಅವಳಿಗೆ ಆಸೆಯಾಯಿತು. ಆಗಲಿಲ್ಲವೆಂದು ಸುಳ್ಳು ಹೇಳುವುದಿಲ್ಲ, ತುಂಬಾ ಆಸೆಯಾಯಿತು. ಆದರೆ ಮೂರು ದಿನ ತಾನೇ ಬೈದವನ ತಲೆಗೆ ಇದನ್ನೂ ಕಟ್ಟಿದರೆ ನಾಳೆ ಅವನ ಮುಖ ನೋಡುವುದು ಹೇಗೆ?

"ಬೇಡ ಬಾಸಿತ್. ನನ್ನ ತಪ್ಪು ನನಗೇ ಇರ್ಲಿ."

ಶೆಟ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಮಾಮ, ಪೆಟ್ಟಿಗೆ, ಹೆಡ್‌ಸೆಟ್ಟು, ತನ್ನ ಬಡಿವಾರ, ಒಂದೂ ಬಿಡಲಿಲ್ಲ.

"ನಾಳೆಯಿಂದ ಬರ್ಬೇಡ ಅಂದ್ರೆ ಬರೋದಿಲ್ಲ ಸರ್. ಆದರೆ ಒಂದು ಹೇಳ್ತೇನೆ. ನಮ್ಮ ಊರಿನಲ್ಲಿ ಇಂಥ ಹೆಡ್‌ಸೆಟ್ ಇಲ್ಲದ ಮನೆ ಕಮ್ಮಿ. ಆಡುವವರೆಲ್ಲರಿಗೂ ನನ್ನ ಹಾಗೆಯೇ ತಡವಾಗಿ ಕೇಳ್ತದೆ. ಗೇಮಿನ ಮೊದಲಿಗೇ ಒಂದು ಸೆಟ್ಟಿಂಗ್ ಇಡ್ಬೇಕು. ಒಂದು ಚುಕ್ಕೆ ಹೊಳೀತದೆ, ಟಕ್ ಅಂತ ಸದ್ದಾಗ್ತದೆ. ಎರಡೂ ಒಟ್ಟಿಗೆ ಬರುವವರೆಗೆ ಅವರೇ ಸರಿಸಿಕೊಳ್ಳಲಿ."

ಶೆಟ್ಟರು ಗಲ್ಲ ಕೆರೆದರು.

"ಹೆಚ್ಚು ಖಾರ ಬೇಕಾದವನಿಗೆ ಚಟ್ನಿ ಬೇರೆ ಇಟ್ಟ ಹಾಗೆ. ಎಷ್ಟು ಹೊತ್ತು ಬೇಕು?"

"ಸೌಂಡ್ ನಾನು ಮಾಡ್ತೇನೆ. ಚುಕ್ಕೆ..."

"ಚುಕ್ಕೆ ನಾನು ಮಾಡ್ತೇನೆ," ಎಂದ ಬಾಸಿತ್.

"ನಾಳೆ ನೋಡುವ," ಎಂದರು ಶೆಟ್ಟರು. ಕಳಿಸುತ್ತೇನೆಂದೂ ಇಲ್ಲ, ಇಟ್ಟುಕೊಳ್ಳುತ್ತೇನೆಂದೂ ಇಲ್ಲ!

ಶುಕ್ರವಾರ ಹನ್ನೊಂದಕ್ಕೆ ಪುಣೆಯವರು ಬಂದರು. ಅವರಲ್ಲಿ ಹಿರಿಯರು ಕುಳಿತವರೇ ಚೀಲದಿಂದ ತಮ್ಮದೇ ವಯರ್‌ಲೆಸ್ ಹೆಡ್‌ಸೆಟ್ ತೆಗೆದು ಕಿವಿಗೆ ಹಾಕಿದರು. ಪರದೆಯ ಮೇಲೆ ಚುಕ್ಕೆ ಹೊಳೆಯಿತು. ಹಿರಿಯರು ಹುಬ್ಬು ಗಂಟಿಕ್ಕಿ ಸ್ವಲ್ಪ ಸರಿಸಿದರು, ಇನ್ನೂ ಸ್ವಲ್ಪ... ಮುಖ ಅರಳಿತು. ಹದಿನೈದು ನಿಮಿಷ ಆ ಮನುಷ್ಯ ದೋಣಿ ಬಿಟ್ಟು ಇಳಿಯಲೇ ಇಲ್ಲ.

"ಗೇಮ್ ನಮಗೆ ಬೇಕು," ಎಂದರು ಕೊನೆಗೆ. "ಈ ಅಲೆಯ ಸದ್ದು ಮಾಡಿದ್ದು ಯಾರು? ಮುಂದಿನದಕ್ಕೂ ಅವರೇ ಇರಬೇಕು."

ಶೆಟ್ಟರು ಎದೆ ಉಬ್ಬಿಸಿ, "ನಮ್ಮ ಶಾಝಿಯಾ! ಅವಳೆಲ್ಲಿಗೆ ಹೋಗ್ತಾಳೆ?" ಎಂದರು. ನೋಡಿ, ಸೋಮವಾರ ಕಳಿಸುತ್ತೇನೆಂದವರೂ ಇವರೇ! ಶಾಝಿಯಾ ಅತ್ತಳು, ನಕ್ಕಳು, ಕೋಣೆಗೆ ಹೋಗಿ ಮತ್ತೊಮ್ಮೆ ಅತ್ತಳು.

ಸಂಜೆ ಬಲ್ಮಠದ ಬಸ್‌ಸ್ಟಾಪಿನಲ್ಲಿ ಬಾಸಿತ್ ಅವಳ ಪಕ್ಕ ಬಂದು ನಿಂತ. ಬೆಂಗ್ರೆಗೆ ಹೋಗುವವನಿಗೆ ಆ ಸ್ಟಾಪಿನಲ್ಲಿ ಯಾವ ಕೆಲಸವೂ ಇರಲಿಲ್ಲ.

"ಭಾನುವಾರ ನನ್ನ ಉಮ್ಮ ನಿಮ್ಮ ಮನೆಗೆ ಬರ್ತೇನೆ ಅಂತಿದ್ದಾರೆ."

"ಎಂತಕ್ಕೆ?" ಗೊತ್ತಿದ್ದೂ ಕೇಳಿದಳು.

"ನಿಮ್ಮ ಉಮ್ಮನ ಹತ್ರ ಮಾತಾಡ್ಲಿಕ್ಕೆ."

"ನನ್ನ ಹತ್ರ ಯಾರಾದ್ರೂ ಮಾತಾಡಿದ್ದಾರಾ?"

ಅವನು ರಸ್ತೆ ನೋಡಿದ, ಚಪ್ಪಲಿ ನೋಡಿದ, ಕೊನೆಗೆ ಅವಳನ್ನು ನೋಡಿದ.

"ಶಾಝಿಯಾ... ನನಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ನನ್ನನ್ನು ಮದುವೆ ಆಗ್ತೀರಾ?"

"ತೊಕ್ಕೊಟ್ಟು, ಉಳ್ಳಾಲ, ತಲಪಾಡಿ!" ಕಂಡಕ್ಟರು ಕಿರುಚಿದ. ಬಸ್ಸು ಅವಳ ಮುಂದೆಯೇ ಬಂದು ನಿಂತಿತು. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟಳು, ತಿರುಗಿ ಅವನ ಮುಖ ನೋಡಿದಳು. ಕಾಲು ತೆಗೆದಳು. ಬಸ್ಸು ಹೋಯಿತು.

"ಬಸ್ಸು ಹೋಯ್ತಲ್ಲ!"

"ಹೋಗ್ಲಿ. ನಾನು ಹೌದು ಹೇಳುವಾಗ ಆ ಕಂಡಕ್ಟರ್ ನಡುವೆ ಬಾಯಿ ಹಾಕೋದು ಬೇಡ."

"ಅಂದ್ರೆ... ಹೌದಾ?"

"ಹೌದು ಮಾರಾಯ್ರೆ, ಹೌದು! ಭಾನುವಾರ ನೀವೂ ಬನ್ನಿ."

"ನಾನು ಬರ್ಬಹುದಾ?"

"ನೀವು ಬರದಿದ್ರೆ ನಾನು ಯಾರನ್ನು ನೋಡೋದು?"